ಬಿಸಿಲಿನ ಸರದಿ

ನಮ್ಮ ಓಣಿಯಲ್ಲಿ ಯಾರ ಮನೆಯಲ್ಲೂ ಎ.ಸಿ. ಇಲ್ಲ. ನನ್ನ ಅಳಿಯ ಮದುವೆಯಾದ ಹೊಸತರಲ್ಲಿ ವೈಶಾಖದ ನಡುಮಧ್ಯಾಹ್ನ ಬಂದವನು, ಹೊರಗೆ ನಲವತ್ನಾಲ್ಕು ಡಿಗ್ರಿ ಇರುವಾಗ ನಮ್ಮ ಪಡಸಾಲೆಯ ಹಾಸುಗಲ್ಲು ಕಾಲಿಗೆ ತಣ್ಣಗೆ ಹತ್ತಿದ್ದು ಕಂಡು, ಪರದೆ ಎತ್ತಿ, ಕಪಾಟಿನ ಹಿಂದೆ ಇಣುಕಿ ಮಷೀನು ಹುಡುಕಿದ್ದ. "ಅತ್ತೆಯವರೆ, ಎಲ್ಲಿ ಕೂರಿಸೀರಿ ಅದನ್ನ?" ಎಂದು ಕೇಳಿದ. ಮರುದಿನ ನಮ್ಮ ಮನೆಯ ಸರದಿ ಬಂತು, ಅವನಿಗೆ ಉತ್ತರವೂ ಸಿಕ್ಕಿತು. ಆಮೇಲಿಂದ ಅವನು ಮಾರ್ಗಶಿರದಲ್ಲಿ ಮಾತ್ರ ಬರುತ್ತಾನೆ.

ಓಣಿಯಲ್ಲಿ ಹತ್ತೊಂಬತ್ತು ಮನೆ. ಯುಗಾದಿಯಿಂದ ಮೊದಲ ಮಳೆಯವರೆಗೆ ದಿನಕ್ಕೊಂದು ಮನೆ ಎಲ್ಲರ ಬಿಸಿಲನ್ನೂ ಹೊರುತ್ತದೆ. ಸರದಿಯ ಮನೆಯವರು ಬೆಳಿಗ್ಗೆ ಎದ್ದು, ಒಲೆ ಆರಿಸಿ, ಕಿಟಕಿ ಮುಚ್ಚಿ ಹೊರಗೆ ಬರುತ್ತಾರೆ. ಬೀಗ ಬೀಳುತ್ತದೆ. ಉಳಿದ ಹದಿನೆಂಟು ಮನೆಗಳಿಂದ ಒಬ್ಬೊಬ್ಬರು ಬಂದು ಆ ಮನೆಯ ಗೋಡೆಗೆ ಅಂಗೈ ಊರಿ ಹೋಗುತ್ತಾರೆ, ಅಷ್ಟೇ. ಹೊತ್ತು ಮುಳುಗುವವರೆಗೆ ಹದಿನೆಂಟು ಮನೆ ತಂಪು, ಒಂದು ಮನೆ ಕುಲುಮೆ. ಸರದಿಯ ಮನೆಯವರು ಅಂದು ಇಡೀ ಓಣಿಗೆ ನೆಂಟರು, ಯಾರು ಯಾರ ಮನೆಗೆ ಬೇಕಾದರೂ ಹೋಗಬಹುದು. ಅವರಿಗೆ ಪಾಯಸವೋ ಶೀಕರಣೆಯೋ ಏನಾದರೊಂದು ಸಿಹಿ ಇರಲೇಬೇಕು. ಮನೆಯೂ ಸುಮ್ಮನೆ ಕಾಯುವುದಿಲ್ಲ. ಹಿಂದಿನ ಸಂಜೆಯೇ ಹೆಂಗಸರು ಅಲ್ಲಿ ಸಂಡಿಗೆ, ಹಪ್ಪಳ, ಒಣಮೆಣಸಿನಕಾಯಿ ಹರವಿ ಬಂದಿರುತ್ತಾರೆ. ಮೂರು ದಿನದ ಬಿಸಿಲಿನ ಕೆಲಸ ಒಂದೇ ದಿನದಲ್ಲಿ ಮುಗಿಯುತ್ತದೆ. ತಿಗಣೆಯಂತೂ ನಮ್ಮ ಓಣಿಯಲ್ಲಿ ಹುಡುಕಿದರೂ ಇಲ್ಲ.

ಎ.ಸಿ. ಒಂದು ಸಲ ಬಂದಿತ್ತು. ಕೊನೆಯ ಮನೆಯವರು ತರಿಸಿದ್ದರು. ತಂಪು ಅವರ ಕೋಣೆಗೆ, ಬಿಸಿಗಾಳಿ ಎದುರು ಮನೆಯ ತೊಟ್ಟಿಲಿಗೆ. ನಾಲ್ಕನೇ ದಿನ ಅವರೇ ನಾಚಿಕೊಂಡು ಬಿಚ್ಚಿಸಿದರು. "ಹಂಚಿಕೊಂಡು ಉಣ್ಣೋ ಮಂದಿ ನಾವು" ಎಂದು ನಾನು ಅಂದು ದೊಡ್ಡ ಭಾಷಣವನ್ನೇ ಮಾಡಿದ್ದೆ. ಈಗ ಅದನ್ನು ನೆನೆಸಿಕೊಂಡರೆ ನನ್ನ ಕಿವಿಯೇ ಬಿಸಿಯಾಗುತ್ತದೆ.

ಬೀಗ ಹಾಕುವವಳು ನಾನು. ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಕಲಿಸಿದವಳು. ಇನ್ನೂರು ಮಕ್ಕಳ ಸಾಲಿನಲ್ಲಿ ಒಬ್ಬಳು ಕಡಿಮೆಯಾದರೆ ಕಣ್ಣು ಹಾಯಿಸಿದಷ್ಟರಲ್ಲಿ ಹೇಳುತ್ತಿದ್ದೆ. ನಿವೃತ್ತಿಯಾದ ವಾರವೇ ಓಣಿಯವರು ಬೀಗದಕೈ ತಂದು ನನ್ನ ಸೊಂಟಕ್ಕೆ ಸಿಕ್ಕಿಸಿದರು. "ಲೀಲಾ ಅಕ್ಕೋರು ಎಣಿಸಿದ್ರ ಮುಗೀತು" ಎಂದರು. ಟೀಚರಮ್ಮನನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಎಣಿಸುವ ಕ್ರಮ ಹಿರಿಯರು ಇಟ್ಟಿದ್ದು: ಮನೆಯ ಪ್ರತಿಯೊಬ್ಬರೂ ತಮ್ಮ ತಮ್ಮ ನೀರಿನ ಚೊಂಬು ಕೈಯಲ್ಲಿ ಹಿಡಿದು ಬಂದು ಕಟ್ಟೆಯ ಮೇಲೆ ಇಡಬೇಕು. ಬೀಗದಾಕೆ ಮೊದಲು ಚೊಂಬು ಎಣಿಸಬೇಕು, ಆಮೇಲೆ ಮುಖ ನೋಡಬೇಕು. ಎರಡೂ ತಾಳೆಯಾದರೆ ಮಾತ್ರ ಚಿಲಕ.

ನಾನು ಹದಿನೆಂಟು ಮನೆಗಳಲ್ಲಿ ಎರಡನ್ನೂ ಮಾಡುತ್ತಿದ್ದೆ. ಶಂಕ್ರವ್ವನ ಮನೆಯಲ್ಲಿ ಮಾತ್ರ ಚೊಂಬು ಎಣಿಸಿ ಸುಮ್ಮನಾಗುತ್ತಿದ್ದೆ, ಅವಳ ಮುಖ ನೋಡಬಾರದೆಂದು ಒಂಬತ್ತು ವರ್ಷದ ಹಿಂದೆ ಆಣೆ ಹಾಕಿಕೊಂಡಿದ್ದರಿಂದ. ಮನೆಮಂದಿಯ ಹಿಂದೆ ಸೆರಗು ಹೊದ್ದ ಒಂದು ಆಕಾರ ನಿಂತಿರುತ್ತಿತ್ತು. ನಾನು ಅದರ ಪಕ್ಕದ ಗಾಳಿಯನ್ನು ನೋಡಿ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಿದ್ದೆ.

ಜಗಳದ ಕಾರಣ ಹೇಳಿದರೆ ನೀವು ನಗುತ್ತೀರಿ. ನಗಿರಿ. ಶಂಕ್ರವ್ವ ಮತ್ತು ನಾನು ಒಂದೇ ವರ್ಷ ಈ ಓಣಿಗೆ ಸೊಸೆಯರಾಗಿ ಬಂದವರು. ಒಂದೇ ಒರಳಲ್ಲಿ ಖಾರ ಕುಟ್ಟಿದವರು. ನನ್ನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವ ಹಿಂದಿನ ದಿನ ನಮ್ಮ ಮನೆಯ ಸರದಿ ಇತ್ತು. ಶಂಕ್ರವ್ವ ಎರಡು ಮೂಟೆ ಬ್ಯಾಡಗಿ ಮೆಣಸಿನಕಾಯಿ ತಂದು ನನ್ನ ನಡುಮನೆಯಲ್ಲೇ ಹರವಿದಳು. ಮರುದಿನ ಗಂಡು, ಗಂಡಿನ ತಾಯಿ, ಸೋದರಮಾವ, ಎಲ್ಲರೂ ಸೀನಿದ್ದೇ ಸೀನಿದ್ದು. ಮಗಳ ರೇಷ್ಮೆ ಸೀರೆಯ ಮಡಿಕೆಯಲ್ಲೂ ಘಾಟು. ಉಪ್ಪಿಟ್ಟು ತಟ್ಟೆಯಲ್ಲೇ ಬಿಟ್ಟು ಹೋದರು, ತಿರುಗಿ ಬರಲಿಲ್ಲ. ನಾನು ಅಳುತ್ತ ಕೂತಿದ್ದರೆ ಶಂಕ್ರವ್ವ ಬಾಗಿಲಲ್ಲಿ ನಿಂತು, "ಸೀನು ಬಂತಂತ ಓಡಿಹೋಗೋ ಗಂಡು ಇದ್ದರೆಷ್ಟು, ಬಿಟ್ಟರೆಷ್ಟು?" ಎಂದಳು. ಅವಳು ಹೇಳಿದ್ದು ನಿಜವೇ. ಅದಕ್ಕಿಂತ ಒಳ್ಳೆಯ ಹುಡುಗ ಸಿಕ್ಕ. ಆದರೆ ಆ ಮಾತು ಆಡುವ ಹೊತ್ತು ಅದಲ್ಲ. ಅಂದಿನಿಂದ ನಮ್ಮಿಬ್ಬರ ಮಾತು ಬಂದ್. ಅವಳು ನನ್ನ ಹೆಸರು ಬಾಯಿಗೆ ತರಲಿಲ್ಲ, ನಾನು ಅವಳ ಹೆಸರು ತರಲಿಲ್ಲ. ಮೂಗಿಗಿಂತ ಮೂಗುತಿ ಭಾರ ಎಂಬಂತೆ, ಸ್ನೇಹಕ್ಕಿಂತ ಹಟವೇ ದೊಡ್ಡದಾಯಿತು.

ಈ ವರ್ಷ ಅವಳ ಮನೆಯ ಎರಡನೇ ಸರದಿ ಬಂದ ದಿನ ಆಕಾಶದಲ್ಲಿ ಒಂದು ಕಾಗೆಯೂ ಇರಲಿಲ್ಲ. ಅಂಥ ಬಿಸಿಲು ಇನ್ನು ಹುಟ್ಟುವುದಿಲ್ಲ ಎನ್ನುವ ಹಾಗೆ ಬೆಳಿಗ್ಗೆ ಏಳಕ್ಕೇ ನೆತ್ತಿ ಸುಡುತ್ತಿತ್ತು. ನಾನು ಹೋದಾಗ ಕಟ್ಟೆಯ ಮೇಲೆ ಐದು ಚೊಂಬು ಸಾಲಾಗಿ ಕೂತಿದ್ದವು. ಮನೆಯಲ್ಲಿ ಐದು ಜನ: ಶಂಕ್ರವ್ವ, ಅವಳ ಗಂಡ ಅಂದಾನಪ್ಪ, ಮಗ ಮಹಾಂತೇಶ, ಸೊಸೆ ದಾಕ್ಷಾಯಿಣಿ, ನಾಲ್ಕು ವರ್ಷದ ಮೊಮ್ಮಗಳು. ಮಹಾಂತೇಶ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಆಗಲೇ ಹೊರಟು ನಿಂತಿದ್ದ. ಅಂದಾನಪ್ಪ ಎಂದಿನಂತೆ ಹಲ್ಲು ಬಿಟ್ಟು ನಮಸ್ಕಾರ ಮಾಡಿದ. ದಾಕ್ಷಾಯಿಣಿ ತಲೆ ಬಗ್ಗಿಸಿ ನಿಂತಿದ್ದಳು. ಮದುವೆಯಾಗಿ ಐದು ವರ್ಷವಾದರೂ ಆ ಹುಡುಗಿಯ ಧ್ವನಿ ಹೇಗಿದೆಯೆಂದು ಓಣಿಗೆ ಗೊತ್ತಿರಲಿಲ್ಲ. ನಾನು ಚೊಂಬು ಎಣಿಸಿದೆ, ಐದು. ಐದನೆಯ ಮುಖ ಇರಬೇಕಾದ ಕಡೆಯಿಂದ ಅಭ್ಯಾಸಬಲದಿಂದ ಕಣ್ಣು ಕಿತ್ತೆ. "ಆಯ್ತು ಹೋಗ್ರಿ" ಎಂದೆ. ಅವರು ಚೊಂಬು ಎತ್ತಿಕೊಂಡು ಚದುರಿದರು. ಒಂದು ಚೊಂಬು ಕಟ್ಟೆಯ ಮೇಲೇ ಉಳಿಯಿತು. ಮರೆತು ಹೋಗಿರಬೇಕು ಅಂದುಕೊಂಡೆ. ಬಾಗಿಲು ಎಳೆದು ಚಿಲಕ ಸಿಕ್ಕಿಸಿದೆ.

ಆಗ ಒಳಗಿನಿಂದ ಕೆಮ್ಮು ಕೇಳಿಸಿತು.

ಎರಡು ಸಣ್ಣ ಕೆಮ್ಮು, ಒಂದು ಉದ್ದನೆಯದು. ಮೂವತ್ತು ವರ್ಷ ಒರಳಿನ ಆಚೆ ಬದಿಯಲ್ಲಿ ಕೂತವಳ ಕೆಮ್ಮು ನನಗೆ ಗೊತ್ತಾಗದೆ ಇರುತ್ತದೆಯೆ? ಕೈ ನಿಂತಿತು. ಬಾಗಿಲು ತೆಗೆದು "ಬಾ ಹೊರಗೆ" ಎಂದರೆ ಮುಗಿಯುತ್ತಿತ್ತು. ಎರಡೇ ಮಾತು. ಆದರೆ ಮೊದಲು ಮಾತಾಡಿದವರು ಯಾರು ಎಂದು ಆಮೇಲೆ ಓಣಿ ಕೇಳುತ್ತದಲ್ಲ! ಅವಳೇ ಕರೆಯಲಿ, ನನ್ನ ಹೆಸರು ಒಂದು ಸಲ ಅನ್ನಲಿ, ಆಮೇಲೆ ತೆಗೆಯುತ್ತೇನೆ ಎಂದು ನಿಂತೆ. ಬೀಗವನ್ನು ಬೇಕೆಂದೇ ಸದ್ದು ಮಾಡಿ ಹಾಕಿದೆ, ಅವಳಿಗೆ ಕೇಳಲಿ ಎಂದು. ಒಂದರಿಂದ ನೂರರವರೆಗೆ ಎಣಿಸಿದೆ. ಒಳಗೆ ನಿಶ್ಶಬ್ದ. ಓಣಿಯವರು ನಗುತ್ತ ಹರಟುತ್ತ ಬಂದು ಗೋಡೆಗೆ ಅಂಗೈ ಊರಿ ಹೋದರು. ಎಲ್ಲರ ಕೊನೆಗೆ ನಾನೂ ಊರಿದೆ. ಗೋಡೆ ಇನ್ನೂ ತಣ್ಣಗಿತ್ತು. ಒಳಗೆ ಅವಳು, ಹೊರಗೆ ನಾನು, ನಡುವೆ ಒಂದು ಮೊಳ ಮಣ್ಣು. ಇನ್ನೊಂದು ನೂರು ಎಣಿಸಿದೆ. ಯಾರೂ ಕರೆಯಲಿಲ್ಲ.

ನಮ್ಮ ಓಣಿಯ ಮನೆಗಳು ಬೆನ್ನಿಗೆ ಬೆನ್ನು ಹತ್ತಿಸಿ ಕಟ್ಟಿದವು, ಹಿತ್ತಲ ಬಾಗಿಲು ಇಲ್ಲ. ಅವಳು ಬರಬೇಕಾದರೆ ಇದೇ ಬಾಗಿಲು. ನನಗೆ ಅದೂ ಗೊತ್ತಿತ್ತು.

ಒಂದು ಕಪ್ ಚಹಾ ಕುಡಿದು ಬರುತ್ತೇನೆ, ಅಷ್ಟರಲ್ಲಿ ಅವಳ ಸೊಕ್ಕು ಇಳಿದಿರುತ್ತದೆ ಎಂದು ಮನೆಗೆ ಬಂದೆ. ಹಿಂದೆಯೇ ಅಂದಾನಪ್ಪ ನಮ್ಮ ಮನೆಗೆ ನೆಂಟನಾಗಿ ಬಂದ. ಪಾಪದ ಮನುಷ್ಯ, ಹೆಂಡತಿಯ ಜಗಳಕ್ಕೂ ತನಗೂ ಸಂಬಂಧವಿಲ್ಲವೆಂದು ಪ್ರತಿ ಸರದಿಗೂ ನಮ್ಮಲ್ಲಿಗೇ ಬರುತ್ತಾನೆ. ಚಹಾ ಕೊಡುತ್ತ, "ಉಳಿದವ್ರು ಎಲ್ಲಿ ಹೋದ್ರಿ?" ಎಂದು ಕೇಳಿದೆ. ಧ್ವನಿ ಸಹಜವಾಗೇ ಇತ್ತು, ನನಗೇ ಆಶ್ಚರ್ಯವಾಯಿತು.

"ಮಗ ಗರಡಿಯವರ ಮನಿಗೆ. ಸೊಸಿ ಮಾಸ್ತರ ಮನಿಗೆ. ನಮ್ಮಾಕಿ ಹುಸೇನಬಿ ಮನ್ಯಾಗ ಇರಬೇಕ್ರಿ. ಪುಂಡಿಪಲ್ಯ ಮಾಡ್ತೀನಿ ಬಾ ಅಂತ ನಿನ್ನೆನೇ ಕರದಿದ್ಲು."

ಇರಬೇಕು! ಆ ಮಾತನ್ನು ನಾನು ಎರಡೂ ಕೈಯಿಂದ ಹಿಡಿದುಕೊಂಡೆ. ಹುಸೇನಬಿಯ ಮನೆಯಲ್ಲಿ ಇರಬೇಕು. ಹಾಗಾದರೆ ಕೆಮ್ಮಿದ್ದು? ಇಲಿ ಇರಬೇಕು. ಇಲಿ ಕೆಮ್ಮುತ್ತದೆಯೆ ಎಂದು ಯಾರಾದರೂ ಕೇಳಿದ್ದರೆ, ಸಂಡಿಗೆ ತಿಂದ ಇಲಿ ಕೆಮ್ಮುತ್ತದೆ ಎಂದು ಆಣೆ ಮಾಡಿ ಹೇಳುತ್ತಿದ್ದೆನೇನೋ. ಸೊಂಟದ ಬೀಗದಕೈ ಚುಚ್ಚುತ್ತಿತ್ತು. ಸೆರಗಿನಿಂದ ಮುಚ್ಚಿದೆ. ಎಂಟಾಯಿತು, ಒಂಬತ್ತಾಯಿತು. ನೆಲ ತಣ್ಣಗಾಯಿತು, ಗೋಡೆ ತಣ್ಣಗಾಯಿತು. ಅಂದಾನಪ್ಪ ಚಾಪೆಯ ಮೇಲೆ ಕಾಲು ಚಾಚಿ, "ಸ್ವರ್ಗ ಅಂದ್ರ ಇದಾ ನೋಡ್ರಿ" ಎಂದು ನಿದ್ದೆ ಹೋದ. ನಾನು ಅವನಿಗಾಗಿ ಶೀಕರಣೆಗೆ ಬಾಳೆಹಣ್ಣು ಹಿಚುಕುತ್ತ ಕೂತೆ.

ಹನ್ನೊಂದೂವರೆಗೆ ಹುಸೇನಬಿ ಬಾಗಿಲಿಗೆ ಬಂದಳು. ಗಾದಿ ಹೊಲಿಯುವವಳು, ಸೆರಗಿಗೆ ಹತ್ತಿಯ ಎಳೆ ಅಂಟಿರುತ್ತದೆ. "ಅಣ್ಣಾರ, ಶಂಕ್ರವ್ವ ಇಲ್ಲೇನ್ರಿ? ಆಕಿಗಂತ ಪಲ್ಯ ಮಾಡಿ ಎಷ್ಟೊತ್ತಿನಿಂದ ಕಾಯಾಕತ್ತೀನಿ" ಎಂದಳು.

ಅಂದಾನಪ್ಪ ಎದ್ದು ಕೂತ. "ನಿಮ್ಮ ಮನ್ಯಾಗ ಇಲ್ಲೇನು?"

ನನ್ನ ಕೈಯಲ್ಲಿದ್ದ ಬಟ್ಟಲು ನೆಲಕ್ಕೆ ಬಿತ್ತು. ಅವರಿಬ್ಬರೂ ಅದನ್ನು ಗಾಬರಿ ಎಂದುಕೊಂಡರು.

ಓಣಿಯಲ್ಲಿ ತೆರೆದಿದ್ದ ಮನೆಗಳನ್ನೆಲ್ಲ ಹುಡುಕಲು ಐದು ನಿಮಿಷ ಸಾಕಾಯಿತು. ಶಂಕ್ರವ್ವ ಎಲ್ಲೂ ಇರಲಿಲ್ಲ. ಎಲ್ಲರೂ ಅವಳ ಮನೆಯ ಮುಂದೆ ಬಂದು ನಿಂತರು. ಕಟ್ಟೆಯ ಮೇಲೆ ಆ ಒಂದು ಚೊಂಬು ಇತ್ತು, ಒಳಗಿನ ನೀರು ಕುದಿಯುತ್ತಿತ್ತು. ಬಾಗಿಲಿನಿಂದ ಮಾರು ದೂರ ನಿಂತರೂ ಮುಖದ ಚರ್ಮ ಬಿಗಿಯುತ್ತಿತ್ತು. ದಾಕ್ಷಾಯಿಣಿ ಆ ಚೊಂಬು ನೋಡಿದಳು.

"ಅತ್ತಿ ಚೊಂಬು ನಾ ತಂದಿಟ್ಟಿದ್ದೆ" ಎಂದಳು. ಮೊದಲ ಸಲ ಅವಳ ಧ್ವನಿ ಕೇಳಿದ್ದು. "ಮೊಣಕಾಲು ನೋಯ್ತಾವ ಅಂತಿದ್ರು. ನೀವು ಸಾವಕಾಶ ಬರ್ರಿ, ಚೊಂಬು ನಾ ಒಯ್ತೀನಿ ಅಂದೆ. ಅವ್ರು ಹಿಂದ ಬರ್ತಾರಂತ..." ಮಾತು ಮುಗಿಯಲಿಲ್ಲ.

ಎಲ್ಲರ ಕಣ್ಣೂ ನನ್ನ ಕಡೆ ತಿರುಗಿದವು. ಈಗ ಹೇಳಬೇಕಿತ್ತು. ನನ್ನ ಬಾಯಿ ತೆರೆಯಿತು, ಬಂದ ಮಾತು ಬೇರೆಯೇ. "ಚೊಂಬು ಐದಿತ್ತಲ್ಲ! ನಾ ಎಣಿಸೀನಿ. ಐದಿತ್ತು" ಎಂದೆ.

"ನಿಮ್ಮ ತಪ್ಪೇನೈತ್ರಿ ಅಕ್ಕೋರ" ಎಂದಳು ಹುಸೇನಬಿ. ಉಳಿದವರೂ ಹಾಗೇ ಅಂದರು. ಮಹಾಂತೇಶ ಹೆಂಡತಿಯ ಕಡೆ ತಿರುಗಿ, "ಯಾರ್ ಹೇಳಿದ್ರು ನಿನಗ ಚೊಂಬು ಮುಟ್ಟಂತ? ನಮ್ಮವ್ವನ್ನ ಕೊಂದ್ಯಲ್ಲ!" ಎಂದು ಕೂಗಿದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ನೋಡುತ್ತ ನಿಂತೆ. ಹಾಗೆ ನಿಲ್ಲುವುದು ನನ್ನಿಂದ ಸಾಧ್ಯ ಎಂದು ಆ ಕ್ಷಣದವರೆಗೆ ನನಗೆ ಗೊತ್ತಿರಲಿಲ್ಲ.

ಹದಿನೆಂಟು ಮನೆಯ ಬಿಸಿಲು ಒಳಗಿರುವಾಗ ಬೀಗ ತೆಗೆದರೆ ಒಳಗಿನವರೂ ಉಳಿಯುವುದಿಲ್ಲ, ತೆಗೆದವರೂ ಉಳಿಯುವುದಿಲ್ಲ. ಮೊದಲು ಎಲ್ಲರೂ ತಮ್ಮ ತಮ್ಮ ಪಾಲು ವಾಪಸು ತೆಗೆದುಕೊಳ್ಳಬೇಕು. ಹಿರಿಯರು ಹೇಳಿದ್ದನ್ನು ಕೇಳಿದ್ದೆವು, ಮಾಡಿದವರನ್ನು ಯಾರೂ ನೋಡಿರಲಿಲ್ಲ. ಊರಿದ ಅಂಗೈಯನ್ನೇ ಮತ್ತೆ ಊರಬೇಕು. ಬೆಳಿಗ್ಗೆ ತಣ್ಣಗಿದ್ದ ಗೋಡೆ ಈಗ ಕಾದ ಹಂಚು.

ನಾನೇ ಮೊದಲು ಹೋದೆ. ಅದನ್ನಾದರೂ ಮಾಡಿದೆ. ಅಂಗೈ ತಾಗಿದೊಡನೆ ಚುರ್ ಎಂದಿತು. ಹೊಟ್ಟೆಯ ಆಳದಿಂದ ಕೂಗು ಬಂತು. ಕೈ ಕಿತ್ತು ಮುಷ್ಟಿ ಬಿಗಿದುಕೊಂಡು ಓಡಿ ನನ್ನ ಮನೆಯ ಹೊಸ್ತಿಲ ಒಳಗೆ ಬಿಚ್ಚಿದೆ. ಇಡೀ ಮನೆ ಒಮ್ಮೆಲೇ ಕಾದುಹೋಯಿತು. ತಿರುಗಿ ಬರುವಷ್ಟರಲ್ಲಿ ಓಣಿಯವರು ಗೋಡೆಯ ಮುಂದೆ ಸಾಲು ನಿಂತಿದ್ದರು. ಯಾರೂ ಹೇಳಿರಲಿಲ್ಲ, ಯಾರೂ ಗೊಣಗಲಿಲ್ಲ. ಗರಡಿಯ ಮುದುಕ ಊರಿದ, ಮಾಸ್ತರ ಹೆಂಡತಿ ಊರಿದಳು. ಗಾದಿ ಹೊಲಿಯುವ ಬಲಗೈಯನ್ನೇ ಬೆಳಿಗ್ಗೆ ಊರಿದ್ದ ಹುಸೇನಬಿ ಅದೇ ಬಲಗೈಯನ್ನು ಊರಿದಳು. ಒಬ್ಬೊಬ್ಬರದೂ ಚುರ್ ಎಂಬ ಸದ್ದು, ಹಲ್ಲು ಕಚ್ಚಿದ ಮುಖ, ಮುಷ್ಟಿ ಬಿಗಿದು ಮನೆಗೆ ಓಟ. ನನ್ನನ್ನು ಹಾದು ಹೋಗುವಾಗ ಒಬ್ಬರು "ಧೈರ್ಯ ಇರ್ಲಿ ಅಕ್ಕೋರ" ಎಂದರು. ನಾನು ನೆಲ ನೋಡಿದೆ. ಹದಿನೇಳು ಅಂಗೈ ಎಣಿಸಿದೆ. ಗೋಡೆ ಇನ್ನೂ ಹೊಗೆಯಾಡುತ್ತಿತ್ತು.

ಒಂದು ಪಾಲು ಉಳಿದಿತ್ತು. ಕಟ್ಟಿಮನಿಯವರು ಬೆಳಿಗ್ಗೆ ಅಂಗೈ ಊರಿ, ಮನೆಗೆ ಬೀಗ ಹಾಕಿ ಪರವೂರಿಗೆ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದರು. ಇನ್ನೊಬ್ಬರ ಪಾಲು ಹೊತ್ತರೆ ಅದನ್ನು ಬಿಚ್ಚಲು ಮನೆಯಿಲ್ಲ, ಮೈಯಲ್ಲೇ ಹಿಡಿದುಕೊಳ್ಳಬೇಕು. ನನ್ನ ಎಡಗೈ ಚೆನ್ನಾಗೇ ಇತ್ತು. ನಾನು ಅದನ್ನು ನೋಡಿಕೊಂಡೆ. ಹೋಗು, ನಿನ್ನದೇ ಇದು ಎಂದು ಮನಸ್ಸು ಹೇಳಿತು. ಕಾಲು ಏಳಲಿಲ್ಲ.

"ನಾ ತಗೋತೀನಿ" ಎಂದು ದಾಕ್ಷಾಯಿಣಿ ಮುಂದೆ ಬಂದಳು. "ತಪ್ಪು ನಂದು."

ಯಾರೂ ತಡೆಯಲಿಲ್ಲ. ಅವಳು ಒಂದಲ್ಲ, ಎರಡೂ ಅಂಗೈ ಊರಿದಳು. ಬೇಗ ಆಗಲಿ ಎಂದು. ಕೂಗಲಿಲ್ಲ. ಮುಷ್ಟಿಗಳನ್ನು ಎದೆಗೆ ಒತ್ತಿಕೊಂಡು ಬೇವಿನ ಮರದ ಬುಡದಲ್ಲಿ ಕುಕ್ಕರಿಸಿದಳು. ಮೈಯಿಂದ ಆವಿ ಏಳುತ್ತಿತ್ತು. ನಾನು ಬೀಗ ತೆಗೆದೆ.

ಒಳಗೆ ಹರವಿದ್ದ ಸಂಡಿಗೆಗಳು ಎಣ್ಣೆಯಿಲ್ಲದೆ ಅರಳಿ ನಿಂತಿದ್ದವು. ಗೋಡೆಯ ಕ್ಯಾಲೆಂಡರು ಕರಕಲಾಗಿತ್ತು. ಶಂಕ್ರವ್ವ ಬಚ್ಚಲಿನಲ್ಲಿದ್ದಳು. ನೀರಿನ ತೊಟ್ಟಿಗೆ ಬೆನ್ನು ಕೊಟ್ಟು, ತಲೆಯ ಮೇಲೆ ಒದ್ದೆ ಗೋಣಿಚೀಲ ಹೊದ್ದು, ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ತೊಟ್ಟಿಯಲ್ಲಿ ತಳಕ್ಕೆ ಎರಡು ಬೆರಳಷ್ಟು ನೀರು ಉಳಿದಿತ್ತು. ತುಟಿ ಸೀಳಿತ್ತು, ಕಣ್ಣು ಮೇಲಕ್ಕೆ ಹೋಗಿತ್ತು. ನಾನು ಅವಳ ಮೂಗಿನ ಹತ್ತಿರ ಬೆರಳು ಹಿಡಿದೆ. ಉಸಿರು ಇತ್ತು. ಎಳೆಯಷ್ಟು. ಒಂಬತ್ತು ವರ್ಷದ ನಂತರ ನಾನು ಅವಳ ಮುಖ ನೋಡಿದ್ದು ಹಾಗೆ. ಗಲ್ಲದ ಮೇಲೆ ನನಗೆ ಗೊತ್ತಿಲ್ಲದ ಎರಡು ಮಚ್ಚೆ ಬಂದಿದ್ದವು. ಕೂದಲು ಪೂರಾ ಬೆಳ್ಳಗಾಗಿತ್ತು.

ಎಲ್ಲ ಮನೆಗಳೂ ಈಗ ಕಾದಿದ್ದರಿಂದ ಅವಳನ್ನು ಬೇವಿನ ಮರದ ಕೆಳಗೆ ಹೊರಸಿನ ಮೇಲೆ ಮಲಗಿಸಿದರು. ಆಸ್ಪತ್ರೆಯ ಸಿಸ್ಟರು ಬಂದು ಸಲಾಯಿನ್ ಬಾಟಲಿಯನ್ನು ಕೊಂಬೆಗೆ ಕಟ್ಟಿದಳು. ನಾವೆಲ್ಲ ಸುತ್ತ ಕೂತು ಬೀಸಣಿಕೆ ಹಾಕಿದೆವು, ಸುಟ್ಟ ಕೈಗಳನ್ನು ಬದಲಿಸುತ್ತ. ನಾಲ್ಕು ಗಂಟೆಗೆ ಶಂಕ್ರವ್ವ ಕಣ್ಣು ಬಿಟ್ಟಳು. ಐದಕ್ಕೆ ನೀರು ಕೇಳಿದಳು. ಅಂದಾನಪ್ಪ ಮಗುವಿನಂತೆ ಅತ್ತ. ನನಗೂ ಅಳು ಬಂತು. ಅವಳು ಬದುಕಿದಳೆಂದೋ, ನಾನು ಉಳಿದೆನೆಂದೋ, ಆಗ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಅವ್ವ ಉಳಿದದ್ದು ಖಾತ್ರಿಯಾದ ಮೇಲೆ ಮಹಾಂತೇಶನ ಸಿಟ್ಟಿಗೆ ಮತ್ತೆ ಜೀವ ಬಂತು. "ನಾಳೆ ಬೆಳಿಗ್ಗೆ ಬಸ್ಸಿಗೆ ನಿನ್ನ ತವರಿಗೆ ನಡಿ" ಎಂದ. "ಇಷ್ಟು ಖಬರಿಲ್ಲದಾಕಿ ನನ್ನ ಮನಿಗೆ ಬ್ಯಾಡ."

ಸಿಸ್ಟರು ದಾಕ್ಷಾಯಿಣಿಯ ಎರಡೂ ಕೈಗೆ ಮುಲಾಮು ಹಚ್ಚಿ ಬಟ್ಟೆ ಸುತ್ತುತ್ತಿದ್ದಳು. ಓಣಿಯವರು ಮೆಲ್ಲಗೆ, "ಹುಡುಗಿ ಒಳ್ಳೇದಕ್ಕ ಮಾಡ್ಯಾಳ, ಆದರೂ ತಪ್ಪು ತಪ್ಪಽ" ಎಂದು ತಮ್ಮತಮ್ಮೊಳಗೆ ಅಂದುಕೊಂಡರು. ಕುಂಬಳಕಾಯಿ ಕಳ್ಳನಂತೆ ನಾನು ಹೆಗಲು ಮುಟ್ಟಿಕೊಳ್ಳುತ್ತಿದ್ದೆ, ಯಾರೂ ನೋಡುತ್ತಿರಲಿಲ್ಲ. ಶಂಕ್ರವ್ವ ಒಬ್ಬಳೇ ಹೊರಸಿನ ಮೇಲಿಂದ ನನ್ನನ್ನು ನೋಡುತ್ತಿದ್ದಳು. ಕಣ್ಣು ಮಿಟುಕಿಸದೆ.

ಕೈಗೆ ಬಟ್ಟೆ ಸುತ್ತಿ ಆದಮೇಲೆ ದಾಕ್ಷಾಯಿಣಿ ಎದ್ದು ಸೀದಾ ನನ್ನ ಹತ್ತಿರ ಬಂದಳು. ಬಗ್ಗಿ, ಸುತ್ತಿದ ಕೈಯಿಂದಲೇ ನನ್ನ ಕಾಲು ಮುಟ್ಟಿದಳು. "ಅಕ್ಕೋರ, ಹತ್ತು ವರ್ಷ ನಿಮ್ಮ ಎಣಿಕಿ ತಪ್ಪಿರಲಿಲ್ಲಂತ. ನನ್ನಿಂದ ನಿಮಗೂ ಕೆಟ್ಟ ಹೆಸರು ಬಂತು. ತಪ್ಪಾತು, ಮನಸ್ಸಿನ್ಯಾಗ ಇಟ್ಕೋಬ್ಯಾಡ್ರಿ" ಎಂದಳು.

ಗೋಡೆ ಮುಟ್ಟಿದಾಗ ಅಷ್ಟು ಸುಟ್ಟಿರಲಿಲ್ಲ.

"ನನಗ ಕೇಳಿಸಿತ್ತು" ಎಂದೆ. ಮತ್ತೆ ಗಟ್ಟಿಯಾಗಿ ಹೇಳಿದೆ. "ಚಿಲಕ ಹಾಕೋವಾಗ ಶಂಕ್ರವ್ವ ಒಳಗ ಕೆಮ್ಮಿದ್ಲು. ನನಗ ಕೇಳಿಸಿತ್ತು. ಆಕಿನಽ ಅಂತ ಗೊತ್ತಿತ್ತು. ಆಕಿ ನನ್ನ ಹೆಸರು ಹಿಡದು ಕರೀಲಿ ಅಂತ ನಿಂತೆ. ಕರೀಲಿಲ್ಲ. ಬೀಗ ಹಾಕಿ ಹೋದೆ."

ಬೀಸಣಿಕೆಗಳು ನಿಂತವು. ಅಂದಾನಪ್ಪ ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ಬೆಳಿಗ್ಗೆ ತಾನು ಯಾರ ಮನೆಯಲ್ಲಿ ಚಹಾ ಕುಡಿದೆ ಎಂದು ನೆನಪು ಮಾಡಿಕೊಳ್ಳುತ್ತಿರುವ ಹಾಗೆ. ಹುಸೇನಬಿ ತನ್ನ ಬಲಗೈಯ ಬೊಬ್ಬೆ ನೋಡಿಕೊಂಡಳು. ನಾನು ಬೈಗುಳಕ್ಕೆ ಕಾದೆ.

ಮಾತಾಡಿದವಳು ಶಂಕ್ರವ್ವ. ಒಣಗಿದ ಗಂಟಲಿನಿಂದ ಕೀರಲು ಸದ್ದು. "ಕರದಿದ್ನಲ್ಲ. ಕೆಮ್ಮಿದ್ದು ಮತ್ಯಾಕ? ನಿನ್ನ ಚಪ್ಪಲಿ ಸಪ್ಪಳ ಕೇಳಿತ್ತು. ನೀ ನಿಂತಿದ್ದು ಗೊತ್ತಿತ್ತು. ಓಣಿ ಮಂದಿ ಗ್ವಾಡಿ ಮುಟ್ಟಾಕ ಬಂದಾಗೂ ಕೂಗಲಿಲ್ಲ, ನೀನಽ ತೆಗೀತಿ ಅಂತ. ಹೆಸರು ಹಿಡದು ಕರಿಯೋದಕ್ಕಿಂತ ಸಾಯೋದು ಹಗರು ಅನಸ್ತು." ಸ್ವಲ್ಪ ಸುಧಾರಿಸಿಕೊಂಡು, "ಹತ್ತು ಗಂಟೆಕ್ಕ ಕರದೆ. ಲೀಲಾ, ಲೀಲಾ ಅಂತ. ಅಷ್ಟೊತ್ತಿಗೆ ಧ್ವನಿ ಇರಲಿಲ್ಲ" ಎಂದಳು.

ನಾನು ಹೊರಸಿನ ಕಾಲು ಹಿಡಿದು ನೆಲದ ಮೇಲೆ ಕೂತೆ. ಅವಳು ಸೂಜಿ ಚುಚ್ಚಿದ ಕೈಯನ್ನು ಎಳೆದು ತಂದು ನನ್ನ ತಲೆಯ ಮೇಲೆ ಇಟ್ಟಳು. ಯಾರೋ ಹೆಂಗಸರು ಮೂಗು ಒರೆಸಿಕೊಂಡರು. ಹೊತ್ತು ಕಂತುತ್ತಿತ್ತು. ಇಬ್ಬರು ಮುದುಕಿಯರು ಒಂದಾದರಲ್ಲ, ದೇವರು ದೊಡ್ಡವನು ಎನ್ನುವ ಮಾತು ಅಲ್ಲಲ್ಲಿ ಆಗಲೇ ಶುರುವಾಗಿತ್ತು. ನನಗೂ ಹಗುರವೆನಿಸತೊಡಗಿತ್ತು, ಸುಳ್ಳು ಹೇಳುವುದಿಲ್ಲ.

"ಅಲ್ರೀ" ಎಂದಳು ದಾಕ್ಷಾಯಿಣಿ.

ಎಲ್ಲರೂ ತಿರುಗಿದರು. ಆ ಹುಡುಗಿ ಅಲ್ಲೇ ನಿಂತಿದ್ದಳು, ಬಟ್ಟೆ ಸುತ್ತಿದ ಎರಡು ಕೈಗಳನ್ನು ಮುಂದೆ ಹಿಡಿದುಕೊಂಡು. ತಲೆ ಬಗ್ಗಿರಲಿಲ್ಲ. ಅತ್ತೆಯನ್ನು ನೋಡಿದಳು, ಗಂಡನನ್ನು ನೋಡಿದಳು, ಆಮೇಲೆ ನನ್ನನ್ನು.

"ಅತ್ತಿ ಬದುಕಿ ಉಳದ್ರು. ಅದಕ್ಕ ಹೇಳಿದ್ರಿ" ಎಂದಳು. "ಒಳಗ ಸತ್ತಿದ್ರ? ಆಗ ಹೇಳ್ತಿದ್ರೇನು? ಇಲ್ಲಾ ಸಾಯೋತನಕ ನಾನಽ ಕೊಂದಾಕಿ ಅನ್ನಿಸ್ಕೊಂಡು ಇರಬೇಕಾಗಿತ್ತೇನು?"

"ಏ, ಅಕ್ಕೋರ ಮುಂದ ಹಂಗ ಮಾತಾಡ್ತಾರೇನು" ಎಂದ ಮಹಾಂತೇಶ. ಅವನ ಧ್ವನಿಯಲ್ಲಿ ಮೊದಲಿನ ಬಲ ಇರಲಿಲ್ಲ. ಅವಳು ಅವನ ಕಡೆ ತಿರುಗಲೂ ಇಲ್ಲ.

ಹೇಳುತ್ತಿದ್ದೆ ಅನ್ನಲು ನಾನು ಬಾಯಿ ತೆರೆದೆ. ಮೂವತ್ತೊಂದು ವರ್ಷ ಮಕ್ಕಳಿಗೆ ನೆಟ್ಟಗೆ ನಿಲ್ಲಿ ಎಂದು ಕಲಿಸಿದವಳಿಗೆ ಅಷ್ಟು ಹೇಳಲು ಏನು ಕಷ್ಟ? ಓಣಿಯವರು ಅದೇ ಮಾತಿಗೆ ಕಾಯುತ್ತಿದ್ದರು. ಶಂಕ್ರವ್ವನ ಕೈ ನನ್ನ ತಲೆಯ ಮೇಲೇ ಇತ್ತು. ಹನ್ನೊಂದೂವರೆಯಿಂದ ನಾನು ಆಡಿದ ಒಂದೊಂದು ಮಾತೂ, ಏಳದೆ ಹೋದ ನನ್ನ ಕಾಲೂ ನನಗೆ ನೆನಪಾದವು. ಆ ಹುಡುಗಿ ಕಣ್ಣು ಕದಲಿಸದೆ ಕಾಯುತ್ತಿದ್ದಳು.

"ಇಲ್ಲವ್ವಾ" ಎಂದೆ. "ಹೇಳ್ತಿರಲಿಲ್ಲ."

ಶಂಕ್ರವ್ವ ನನ್ನ ತಲೆಯ ಮೇಲಿಂದ ಕೈ ತೆಗೆದಳು.